ವಾರದ ಬುತ್ತಿ: ಎರಡು ನುಡಿ, ಒಂದೇ ನೇಯ್ಗೆ

ಆಟ: ಐಪಿಎಲ್ ಕಿರೀಟಕ್ಕಾಗಿ ಆರ್‌ಸಿಬಿ 18ನೆಯ ಆವೃತ್ತಿಯವರೆಗೆ ಕಾಯಿತು. 2025ರ ಜೂನ್ 3ರಂದು ಗೆದ್ದದ್ದು ಕೇವಲ 6 ಓಟಗಳಿಂದ. ಕೊಹ್ಲಿಯ ಅಂಗಿಯ ಸಂಖ್ಯೆಯೂ 18! ಒಮ್ಮೆ ನಪಾಸಾದ ಮಗುವನ್ನು ಗದರುವ ಮುನ್ನ ಪಾಲಕರು ಇದನ್ನು ನೆನೆಯಲಿ.

ಚಿತ್ರ: 'ಕಾಂತಾರ' ತೆಲುಗಿನಲ್ಲಿಯೂ ತೆರೆಕಂಡಿತು. ಕನ್ನಡ ಬಲ್ಲ ಉಂಡವಳ್ಳಿಯ ಮಗುವಿಗೆ ಅನುವಾದದ ಹಂಗಿಲ್ಲ.

ಊಟ: ತೆಲುಗಿನಲ್ಲಿ ಜೊನ್ನ ರೊಟ್ಟೆ, ಕನ್ನಡದಲ್ಲಿ ಜೋಳದ ರೊಟ್ಟಿ. ಹೆಸರೆರಡಾದರೂ ತಟ್ಟುವ ಸದ್ದು ಒಂದೇ.

ಕೌತುಕ: ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ, ನೇಕಾರರು ಎಳೆಗೆಳೆ ಹೆಣೆದು ಕೂಡಿಸುತ್ತಾರೆ. ಅದು ಬೆಂಕಿಪೊಟ್ಟಣದಲ್ಲಿ ಅಡಗುವಷ್ಟು ನಯವೆಂಬ ಮಾತುಂಟು. ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವ ಮಕ್ಕಳೂ ಅಂತಹ ನೇಯ್ಗೆಯೇ. ಎಳೆ ಬಿಚ್ಚದಂತೆ ಕಾಯುವ ಹೊಣೆ ಮನೆಮಾತಿನದು.