ಗಾಲಿಕುರ್ಚಿ ಕೊಟ್ಟರಾಯಿತೇ? ಓಡಿಸಲು ಕಲಿಸುವವರು ಯಾರು?

ನಾಸಿಕ್‌ನ ವೃದ್ಧಾಶ್ರಮವೊಂದಕ್ಕೆ ಫಿಸಿಯೊಥೆರಪಿಗೆಂದು ಹೋದಾಗ ಕಲಬುರಗಿ ಕಡೆಯ ಅಜ್ಜಿಯೊಬ್ಬರು ಸಿಕ್ಕರು. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಗಾಲಿಕುರ್ಚಿ ಇದೆ, ತಳ್ಳುವ ಹುಡುಗ ಬರುವವರೆಗೆ ಬಿಸಿಲಾದರೂ ಅಲ್ಲೇ ಕೂರಬೇಕು.

ಇಂಥವರು ಬಲಗೈಯಿಂದ ಚಕ್ರ ತಿರುಗಿಸುತ್ತ, ಬಲಗಾಲಿನಿಂದ ನೆಲ ಮೀಟುತ್ತ ತಾವೇ ಸಾಗಬಹುದು. ಅದಕ್ಕೆ ಪಾದ ನೆಲಕ್ಕೆ ಊರುವಷ್ಟು ಸೀಟು ತಗ್ಗಿರಬೇಕು, ಆ ಬದಿಯ ಫುಟ್‌ರೆಸ್ಟ್ ತೆಗೆದಿರಬೇಕು. ಅಜ್ಜಿಯದು ದಾನವಾಗಿ ಬಂದ ಕುರ್ಚಿ. ಕೂತರೆ ಕಾಲು ತೂಗಾಡುತ್ತಿತ್ತು.

ಮಹಾರಾಷ್ಟ್ರ ಸರ್ಕಾರ 2024ರಲ್ಲಿ ತಂದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ 65 ದಾಟಿದ ಅರ್ಹರ ಖಾತೆಗೆ ಒಮ್ಮೆ 3,000 ರೂಪಾಯಿ ಬರುತ್ತದೆ, ಗಾಲಿಕುರ್ಚಿಯನ್ನೂ ಕೊಳ್ಳಬಹುದು. ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಬಡ ಹಿರಿಯರಿಗೆ ಸಲಕರಣೆಗಳನ್ನೇ ಉಚಿತವಾಗಿ ಹಂಚುತ್ತಿದೆ. ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುವುದು ನಾಲ್ಕು ಹಂತ: ಆಯ್ಕೆ, ಅಳತೆಗೆ ಹೊಂದಿಸುವುದು, ತರಬೇತಿ, ಆಮೇಲಿನ ವಿಚಾರಣೆ. ನಾನು ನೋಡಿದ ಆಶ್ರಮಗಳಲ್ಲಿ ಕುರ್ಚಿ ಕೈಗೆ ಬಂದಲ್ಲಿಗೆ ಕೆಲಸ ಮುಗಿದಿರುತ್ತದೆ.

ತಿಂಗಳಿಗೊಮ್ಮೆ ಛತ್ರಪತಿ ಸಂಭಾಜಿನಗರಕ್ಕೂ ಹೋಗುತ್ತೇನೆ. (ಆ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೇ ಇದೆ, ಬಸ್ಸಿನ ಬೋರ್ಡು ನೋಡಿ ಇವತ್ತಿಗೂ ಒಂದು ಕ್ಷಣ ಖುಷಿಯಾಗುತ್ತದೆ.) ಪಕ್ಕದ ವಾಳೂಜ್‌ನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಿಗೆ ಗೊತ್ತು, ಫೋರ್ಕ್‌ಲಿಫ್ಟ್ ಓಡಿಸಬೇಕಾದರೆ ಮೊದಲು ತರಬೇತಿ ಆಗಬೇಕು. ಅದೇ ಊರಿನ ಆಶ್ರಮದಲ್ಲಿ ಬ್ರೇಕ್ ಹಾಕದೆ, ಫುಟ್‌ರೆಸ್ಟ್ ಎತ್ತದೆ ಹಿರಿಯರನ್ನು ಎಬ್ಬಿಸುವುದನ್ನು ಕಂಡಿದ್ದೇನೆ. ಬೀಳುವುದು ಅಲ್ಲೇ. ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕೆಂಬುದೂ ಎಷ್ಟೋ ಸಿಬ್ಬಂದಿಗೆ ತಿಳಿದಿಲ್ಲ.

ಕಲಿಸಿದರೆ ಒಬ್ಬೊಬ್ಬರೇ ಓಡಾಡಿ ಬಿದ್ದಾರು ಎಂಬುದು ನಡೆಸುವವರ ಅಂಜಿಕೆ. ಸುಳ್ಳಲ್ಲ, ಸಿಬ್ಬಂದಿಯೂ ಕಡಿಮೆ. ಆದರೆ ದಿನವಿಡೀ ಅಲುಗಾಡದೆ ಕೂತರೆ ಹುಣ್ಣಾಗುತ್ತದೆ, ತೋಳಿನ ಬಲವೂ ಹೋಗುತ್ತದೆ. ಆ ಹಾನಿ ಯಾರ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ತರಬೇತಿಗೆ ದೊಡ್ಡ ಖರ್ಚೂ ಇಲ್ಲ. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯ ರೂಪಿಸಿದ ಗಾಲಿಕುರ್ಚಿ ಕೌಶಲದ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ 1994ರಿಂದ ಈ ಕ್ಷೇತ್ರದಲ್ಲಿದೆ.

ಅಪ್ಪ, ಅಮ್ಮನನ್ನು ಊರಿನಲ್ಲೋ ಇಲ್ಲೋ ಆಶ್ರಮಕ್ಕೆ ಸೇರಿಸುವಾಗ ನಾವು ಊಟ, ಡಾಕ್ಟರು, ಬಾಡಿಗೆ ವಿಚಾರಿಸುತ್ತೇವೆ. ಕುರ್ಚಿಯಲ್ಲಿರುವವರು ತಾವೇ ಬಾತ್‌ರೂಮಿನವರೆಗೆ ಹೋಗುತ್ತಾರೆಯೇ ಎಂದೂ ಕೇಳಿ.

ನಾಸಿಕ್‌ನಲ್ಲಿ ಮೂಲೆಗೆ ಬಿದ್ದಿದ್ದ ತಗ್ಗು ಕುರ್ಚಿಯೊಂದನ್ನು ರಿಪೇರಿ ಮಾಡಿಸಿ ಅಜ್ಜಿಗೆ ಕೊಟ್ಟೆವು. ಮೂರು ವಾರದ ಅಭ್ಯಾಸದ ನಂತರ ನೀರಿನ ಫಿಲ್ಟರ್‌ವರೆಗೆ ಒಬ್ಬರೇ ಹೋಗುತ್ತಾರೆ. ಅಂಗಳಕ್ಕೆ ಹೋಗಲು ಮಾತ್ರ ಇನ್ನೂ ಹುಡುಗನನ್ನು ಕೂಗಬೇಕು. ಬಾಗಿಲಿಗೆ ಎರಡು ಇಂಚಿನ ಹೊಸ್ತಿಲಿದೆ.