ನಾಲ್ಕು ಲಕ್ಷದ ಫೋಲ್ಡಿಂಗ್ ಸೈಕಲ್ ದಿನದ ಓಡಾಟಕ್ಕೆ ಬೇಕಾ?

ಕ್ಯಾಂಟೀನಿನಲ್ಲಿ ಸೈಕಲ್ ಬಗ್ಗೆ ಮಾತು ಬಂದ್ರೆ ಸಾಮಾನ್ಯವಾಗಿ ಎರಡು ಗುಂಪಾಗುತ್ತೆ. ಒಂದು ಗುಂಪಿಗೆ ಸೈಕಲ್ ಅನ್ನೋದು ಹೈಸ್ಕೂಲಿಗೇ ಮುಗಿದ ವಿಷಯ. ಇನ್ನೊಂದು ಗುಂಪು, ಲಂಡನ್ನಿನಲ್ಲಿ ಕೋಟು ಹಾಕಿದ ಯಾರೋ 20 ಸೆಕೆಂಡಿನಲ್ಲಿ ಸೈಕಲ್ ಮಡಚಿ ಕೈಯಲ್ಲಿ ಹಿಡ್ಕೊಂಡು ರೈಲು ಹತ್ತೋ ರೀಲ್ಸ್ ನೋಡಿ, "ಪ್ಲೇಸ್‌ಮೆಂಟ್ ಆದ್ಮೇಲೆ ಮೊದಲು ತಗೊಳ್ಳೋದು ಇದೇ ಮಗಾ" ಅನ್ನುತ್ತೆ. ಈ ಬರಹ ಆ ಎರಡನೇ ಗುಂಪಿಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮಡಚೋ ಸೈಕಲ್ ಒಳ್ಳೇ ಐಡಿಯಾ. ನಮ್ಮಲ್ಲಿ ಕೆಲವರಿಗೆ ಅದು ನಿಜಕ್ಕೂ ಬೇಕು. ಆದರೆ ದುಬಾರಿ, ಹಗುರ ಮಡಚೋ ಸೈಕಲ್‌ಗೆ ಕೊಡೋ ಹೆಚ್ಚಿನ ದುಡ್ಡು ನಮ್ಮ ದಿನದ ಪ್ರಯಾಣದಲ್ಲಿ ಒಂದು ನಿಮಿಷವನ್ನೂ ಉಳಿಸಲ್ಲ. ಎಂಜಿನಿಯರಿಂಗ್ ಓದ್ತಿರೋರು ನಾವು, ಲೆಕ್ಕ ಹಾಕಿಯೇ ನೋಡೋಣ.

ರೀಲ್ಸಿನಲ್ಲಿ ಕಾಣೋ ಸೈಕಲ್ ಹೆಚ್ಚಾಗಿ ಬ್ರಾಂಪ್ಟನ್. ಕೇಂಬ್ರಿಡ್ಜ್‌ನಲ್ಲಿ ಎಂಜಿನಿಯರಿಂಗ್ ಓದಿದ ಆಂಡ್ರೂ ರಿಚಿ 1970ರ ದಶಕದ ಮಧ್ಯದಲ್ಲಿ ಲಂಡನ್ನಿನ ತನ್ನ ಫ್ಲ್ಯಾಟಿನಲ್ಲೇ ಇದರ ಮೊದಲ ಮಾದರಿಗಳನ್ನು ಮಾಡಿದರು. ಕಿಟಕಿಯಿಂದ ಕಾಣ್ತಿದ್ದ ಬ್ರಾಂಪ್ಟನ್ ಆರಟರಿ ಚರ್ಚಿನ ಹೆಸರೇ ಸೈಕಲ್ಲಿಗೂ ಬಂತು. ಹಿಂದಿನ ಚಕ್ರ ಫ್ರೇಮಿನ ಕೆಳಗೆ ಮಡಚಿಕೊಳ್ಳುತ್ತೆ, ಮುಂದಿನ ಅರ್ಧ ಪಕ್ಕಕ್ಕೆ ತಿರುಗಿ ಸೇರುತ್ತೆ, ಗ್ರೀಸ್ ಮೆತ್ತಿದ ಚೈನ್ ಎರಡು ಚಕ್ರಗಳ ನಡುವೆ ಮರೆಯಾಗುತ್ತೆ. ಪ್ಯಾಂಟಿಗೆ ಕೊಳೆ ತಾಗಲ್ಲ. ಇದು ಸಣ್ಣ ಯೋಚನೆಯಲ್ಲ. ಇಷ್ಟು ವರ್ಷ ಆದರೂ ಆ ಮಡಚೋ ಕ್ರಮ ಮೂಲದಲ್ಲಿ ಹಾಗೇ ಉಳಿದಿರೋದು ಡಿಸೈನ್ ಎಷ್ಟು ಗಟ್ಟಿ ಅನ್ನೋದಕ್ಕೆ ಸಾಕ್ಷಿ.

ಆದರೆ ಅದು ಅಲ್ಲಿ ಗೆದ್ದದ್ದಕ್ಕೆ ಕಾರಣ ಹಗುರ ಅನ್ನೋದಲ್ಲ. ಲಂಡನ್ನಿಗೆ ಹೋಗೋ ಎಷ್ಟೋ ರೈಲುಗಳಲ್ಲಿ ಬೆಳಗಿನ ರಶ್ ಹೊತ್ತಿಗೆ ಪೂರ್ತಿ ಸೈಕಲ್ ಒಳಗೆ ಬಿಡಲ್ಲ, ಮಡಚಿದ್ದನ್ನ ಬಿಡ್ತಾರೆ. ಜಪಾನಿನಲ್ಲೂ ಸೈಕಲ್ ಬಿಚ್ಚಿಯೋ ಮಡಚಿಯೋ ಚೀಲದೊಳಗೆ ಹಾಕಿದ್ರೆ ರೈಲಿನಲ್ಲಿ ಒಯ್ಯಬಹುದು. ಅಂದ್ರೆ ಜನ ದುಡ್ಡು ಕೊಟ್ಟಿದ್ದು ಮಡಚೋ ಗುಣಕ್ಕೆ. ಬಹುಕಾಲ ಮಾರಾಟವಾದ ಆ ಉಕ್ಕಿನ ಸೈಕಲ್ 11-12 ಕಿಲೋ ತೂಗುತ್ತಿತ್ತು, ಈಗಲೂ ತೂಗುತ್ತೆ. ಟೈಟಾನಿಯಂ ಫ್ರೇಮಿನ, ಎಂಟು ಕಿಲೋಗಿಂತ ಕಡಿಮೆ ತೂಕದ ಮಾದರಿ ಬಂದಿದ್ದು 2022ರಲ್ಲಿ. ಅದರ ಬೆಲೆ ಸುಮಾರು 4 ಸಾವಿರ ಪೌಂಡ್. ಆಮದು ಸುಂಕ ಸೇರಿಸದೆಯೇ ನಾಲ್ಕು ಲಕ್ಷ ರೂಪಾಯಿ ದಾಟುತ್ತೆ.

ಈಗ ನಮ್ಮೂರಿಗೆ ಬರೋಣ. ಒಬ್ಬ ಡೇ ಸ್ಕಾಲರ್‌ನ ದಾರಿ ಇಟ್ಕೊಳ್ಳೋಣ. ನಾಗಸಂದ್ರ ಮೆಟ್ರೋ ನಿಲ್ದಾಣದಿಂದ ಮನೆ 2 ಕಿಲೋಮೀಟರ್. ಬನಶಂಕರಿಯಲ್ಲಿ ಇಳಿದ ಮೇಲೆ ಕಾಲೇಜು 3 ಕಿಲೋಮೀಟರ್. ಎರಡೂ ಹಸಿರು ಮಾರ್ಗದಲ್ಲೇ ಇರೋದ್ರಿಂದ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸೋ ಗೋಳಿಲ್ಲ. ಈ 5 ಕಿಲೋಮೀಟರ್ ನಡೆದರೆ ಒಂದು ಗಂಟೆ. ಗಂಟೆಗೆ 12 ಕಿಲೋಮೀಟರ್ ಲೆಕ್ಕದಲ್ಲಿ, ಬೆವರದೆ ಸೈಕಲ್ ತುಳಿದರೂ 25 ನಿಮಿಷ. ಒಂದು ಕಡೆಗೆ 35 ನಿಮಿಷ, ದಿನಕ್ಕೆ 70 ನಿಮಿಷ ಉಳಿತು. ಆಟೋದವರ ಜೊತೆ ಚೌಕಾಸಿ, ಬಸ್ಸಿಗೆ ಕಾಯೋದು, ಎರಡೂ ತಪ್ಪಿತು. ಇದು ದೊಡ್ಡ ಲಾಭ, ಅನುಮಾನವೇ ಇಲ್ಲ.

ಆದರೆ ಈ 70 ನಿಮಿಷ ಕೊಟ್ಟಿದ್ದು ಯಾವುದು? ಸೈಕಲ್. ರೈಲಿನೊಳಗೆ ಬಂದದ್ದರಿಂದ ಮಡಚೋ ಗುಣಕ್ಕೂ ಪಾಲು ಕೊಡೋಣ. ಈ ಎರಡೂ ಕೆಲಸವನ್ನು 20 ಸಾವಿರದ ಆಸುಪಾಸಿನಲ್ಲಿ ಸಿಗೋ, 13ರಿಂದ 15 ಕಿಲೋ ತೂಕದ ಸಾಧಾರಣ ಫೋಲ್ಡಿಂಗ್ ಸೈಕಲ್ಲೂ ಮಾಡುತ್ತೆ. ಉಳಿದ ಮೂರೂಮುಕ್ಕಾಲು ಲಕ್ಷ ಏನು ಕೊಡ್ತು?

"ಹಗುರ ಸೈಕಲ್ ತುಳಿಯೋಕೆ ಸಲೀಸು" ಅಂತ ಎಲ್ಲರೂ ಹೇಳ್ತಾರೆ. 8 ಕಿಲೋದ ಸೈಕಲ್ಲನ್ನ 12 ಕಿಲೋದ್ದರ ಜೊತೆ ಹೋಲಿಸಿ. ಸವಾರ 65 ಕಿಲೋ, ಲ್ಯಾಪ್‌ಟಾಪ್, ರೆಕಾರ್ಡ್ ಬುಕ್, ಊಟದ ಡಬ್ಬಿ ಸೇರಿ ಬ್ಯಾಗು 6 ಕಿಲೋ. ಒಟ್ಟು 83ರಲ್ಲಿ 4 ಕಿಲೋ ಕಮ್ಮಿಯಾಯ್ತು, ಶೇಕಡಾ 5ಕ್ಕಿಂತ ಕಡಿಮೆ. ದಾರಿಯಲ್ಲಿ ಒಟ್ಟು 20 ಮೀಟರ್ ಏರು ಇದೆ ಅಂದ್ರೆ, ಆ 4 ಕಿಲೋವನ್ನು ಮೇಲೇರಿಸೋಕೆ ಬೇಕಾದ ಶಕ್ತಿ ಎಂಜಿಹೆಚ್ ಪ್ರಕಾರ 785 ಜೌಲ್. ಆರಾಮಾಗಿ 100 ವಾಟ್ ಕೊಡೋ ಕಾಲಿಗೆ ಅದು 8 ಸೆಕೆಂಡಿನ ಕೆಲಸ. ಒಂದು ಸಿಗ್ನಲ್ಲಿನಲ್ಲಿ ನಿಲ್ಲೋದು ಇದಕ್ಕಿಂತ ಜಾಸ್ತಿ. ನೀರಿನ ಬಾಟಲಿ ಖಾಲಿ ಇಟ್ಕೊಂಡು ಹೊರಟು ಕಾಲೇಜಲ್ಲಿ ತುಂಬಿಸಿಕೊಂಡ್ರೆ ಒಂದು ಕಿಲೋ ಅಲ್ಲೇ ಇಳಿಯುತ್ತೆ, ಅದೂ ಪುಕ್ಕಟೆ!

ಹಗುರ ಅನ್ನೋದರ ಬೆಲೆ ತಿಳಿಯೋದು ತುಳಿಯುವಾಗ ಅಲ್ಲ, ಎತ್ತುವಾಗ. ಮೆಟ್ಟಿಲು ಹತ್ತೋವಾಗ, ಸ್ಕ್ಯಾನರಿನ ಮೇಲೆ ಇಡೋವಾಗ, ಜನರ ನಡುವೆ ಒಂದೇ ಕೈಯಲ್ಲಿ ಹಿಡ್ಕೊಂಡು ನಿಂತಾಗ. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್, ಎಸ್ಕಲೇಟರ್ ಇವೆ. ಮಡಚಿದ ಬ್ರಾಂಪ್ಟನ್ನಿಗೆ ಕೆಳಗೆ ಪುಟ್ಟ ರೋಲರ್‌ಗಳಿವೆ, ನಯವಾದ ನೆಲದಲ್ಲಿ ಎಳ್ಕೊಂಡು ಹೋಗಬಹುದು. ನಿಜವಾಗಿ ಎತ್ತಿ ಹಿಡಿಯೋದು ದಿನಕ್ಕೆ ಎರಡು ಮೂರು ನಿಮಿಷ. ಅದೇ ಕಂಪನಿಯ ಉಕ್ಕಿನ ಮಾದರಿ ಟೈಟಾನಿಯಂ ಮಾದರಿಯ ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತೆ. ಅಂದ್ರೆ ಇಳಿಸಿದ ಒಂದೊಂದು ಕಿಲೋಗೂ ಅರ್ಧ ಲಕ್ಷ ರೂಪಾಯಿ ಬಿತ್ತು.

ಈ ದುಡ್ಡು ಕಂಪನಿಯವರು ಸುಮ್ಮನೆ ದೋಚ್ತಿರೋದು ಅಂತ ನಾನು ಹೇಳಲ್ಲ. ಟೈಟಾನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 4.5 ಗ್ರಾಂ, ಉಕ್ಕಿನದು 7.8. ಆದರೆ ಯಂಗ್ಸ್ ಮಾಡ್ಯುಲಸ್ ಕೂಡ 200 ಗಿಗಾಪ್ಯಾಸ್ಕಲ್‌ನಿಂದ ಸುಮಾರು 110ಕ್ಕೆ ಇಳಿಯುತ್ತೆ. ಹಾಗಾಗಿ ಉಕ್ಕಿನ ಕೊಳವೆಯ ಅಳತೆಯನ್ನೇ ನಕಲು ಮಾಡಿದ್ರೆ ಫ್ರೇಮು ಬಳುಕುತ್ತೆ, ಕೊಳವೆ ದಪ್ಪ ಮಾಡಬೇಕು. ಬೆಸುಗೆ ಹಾಕೋವಾಗ ಬಿಸಿ ಲೋಹ ಗಾಳಿಯಲ್ಲಿನ ಆಮ್ಲಜನಕ, ಸಾರಜನಕ ಹೀರಿಕೊಂಡು ಪೆಡಸಾಗುತ್ತೆ, ಅದಕ್ಕೆ ಆರ್ಗಾನ್ ಅನಿಲದ ರಕ್ಷಣೆ ಬೇಕು. ಕೆಲಸ ನಿಧಾನ, ಕೆಲಸಗಾರರು ಅಪರೂಪ. ಬೆಲೆ ಏರೋದು ಸಹಜ. ನನ್ನ ಪ್ರಶ್ನೆ ಆ ಬೆಲೆ ನ್ಯಾಯವೋ ಅನ್ಯಾಯವೋ ಅನ್ನೋದಲ್ಲ. ಆ ಗುಣ ನಮ್ಮ ದಾರಿಗೆ ಬೇಕಾ ಅನ್ನೋದು.

ದಾರಿ ಅಂದಾಗ ಗುಂಡಿಗಳ ಮಾತು ಬರಲೇಬೇಕು. ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ರೋಲರನ್ನು ಕಲ್ಲಿನ ಅಂಚಿನ ಮೇಲೆ ಎಳೆಯೋ ಪ್ರಾಬ್ಲಂ ಮಾಡಿದ್ದು ನೆನಪಿದೆಯಲ್ಲ? ಅದನ್ನೇ ಇಲ್ಲಿ ಹಾಕಿ. 3 ಸೆಂಟಿಮೀಟರ್ ಎತ್ತರದ ಅಂಚು ಹತ್ತಲು, ಸುಮಾರು 34 ಸೆಂಟಿಮೀಟರ್ ತ್ರಿಜ್ಯದ ಸಾಮಾನ್ಯ ಸೈಕಲ್ ಚಕ್ರಕ್ಕೆ ಅದರ ಮೇಲಿನ ಭಾರದ ಶೇಕಡಾ 45ರಷ್ಟು ಅಡ್ಡ ಬಲ ಬೇಕು. 21 ಸೆಂಟಿಮೀಟರ್ ತ್ರಿಜ್ಯದ ಪುಟ್ಟ ಚಕ್ರಕ್ಕೆ ಶೇಕಡಾ 60. ಮೂರನೇ ಒಂದು ಭಾಗ ಜಾಸ್ತಿ. ಆ ಏಟು ನೇರ ಹ್ಯಾಂಡಲ್ಲಿಗೆ, ಮಣಿಕಟ್ಟಿಗೆ. ಬ್ರಾಂಪ್ಟನ್ನಿನ ಹಿಂದೆ ರಬ್ಬರಿನ ಸಸ್ಪೆನ್ಷನ್ ತುಂಡು ಇದೆ, ಮುಂದಿನ ಚಕ್ರಕ್ಕೆ ಅದೂ ಇಲ್ಲ. ಮಳೆ ನಿಂತ ರಸ್ತೆಯಲ್ಲಿ ಗುಂಡಿ ಕಾಣದೇ ಇದ್ದಾಗ ಈ ವ್ಯತ್ಯಾಸ ಕಾಗದದ ಮೇಲಿನ ಲೆಕ್ಕವಾಗಿ ಉಳಿಯಲ್ಲ. ಟೈಟಾನಿಯಂ ಕೊಂಡ ಮಾತ್ರಕ್ಕೆ ಚಕ್ರ ದೊಡ್ಡದಾಗೋದೂ ಇಲ್ಲ.

ಆಮೇಲೆ ರಿಪೇರಿ. ಬ್ರಾಂಪ್ಟನ್ ಚಕ್ರವನ್ನು 16 ಇಂಚು ಅಂತಾರೆ, ಆದರೆ ರಿಮ್ಮಿನ ಅಳತೆ 349 ಮಿಲಿಮೀಟರ್. ಮಕ್ಕಳ 16 ಇಂಚಿನ ಸೈಕಲ್ಲಿಗೆ ಸಾಮಾನ್ಯವಾಗಿ 305. ಎರಡರ ಟೈರೂ ಅದಲುಬದಲು ಮಾಡೋಕಾಗಲ್ಲ. ಟೈರ್ ಹರಿದ್ರೆ ಬೀದಿಯ ಸೈಕಲ್ ಶಾಪ್‌ನಲ್ಲಿ ಸಿಗಲ್ಲ, ಆರ್ಡರ್ ಮಾಡಿ ಕಾಯಬೇಕು. ಇಂಟರ್ನಲ್ಸ್ ಇರೋ ದಿನ ಇದಾದ್ರೆ? ದಿನಾ ಓಡಾಡೋ ಗಾಡಿ ಅಂದ್ರೆ ಇವತ್ತು ಕೆಟ್ಟಿದ್ದು ನಾಳೆ ಬೆಳಗ್ಗೆಯೊಳಗೆ ಸರಿಯಾಗಬೇಕು. ಫೋಲ್ಡಿಂಗ್ ಸೈಕಲ್ಲೇ ಬೇಕು ಅನ್ನೋರು 406 ಮಿಲಿಮೀಟರಿನ 20 ಇಂಚು ಚಕ್ರದ್ದು ನೋಡಿ. ಆ ಟೈರು, ಟ್ಯೂಬು ಸುಲಭವಾಗಿ ಸಿಗುತ್ತೆ, ಗುಂಡಿಯಲ್ಲೂ ಸ್ವಲ್ಪ ವಾಸಿ. ಕೊಳ್ಳೋ ಮುಂಚೆ ಮಡಚಿಸಿ ಟೇಪು ಹಿಡಿದು ಅಳೆಯಿರಿ. ಮೆಟ್ರೋದಲ್ಲಿ ಮಡಚಿದ ಸೈಕಲ್ಲಿಗೆ ಅವಕಾಶ ಇದ್ದರೂ ಅಳತೆ, ತೂಕಕ್ಕೆ ಮಿತಿ ಇದೆ.

ಇನ್ನೊಂದು ವಿಷಯ ಯಾರೂ ಜೋರಾಗಿ ಹೇಳಲ್ಲ: ಭಯ. ನಾಲ್ಕು ಲಕ್ಷದ ಸೈಕಲ್ಲನ್ನು ದರ್ಶಿನಿ ಮುಂದೆ ಬೀಗ ಹಾಕಿ ನಿಲ್ಲಿಸಿ ನೆಮ್ಮದಿಯಾಗಿ ಇಡ್ಲಿ ತಿನ್ನೋಕಾಗುತ್ತಾ? ಲ್ಯಾಬಿಗೂ ಲೈಬ್ರರಿಗೂ ಜೊತೆಗೇ ಒಯ್ಯಬೇಕು, ಪ್ರತಿ ಬಾಗಿಲಲ್ಲೂ ಸೆಕ್ಯೂರಿಟಿ ಅಣ್ಣನಿಗೆ ಒಪ್ಪಿಸಬೇಕು. ಸೈಕಲ್ ನಮ್ಮನ್ನ ಹೊರಬೇಕು ಸ್ವಾಮಿ, ದಿನವಿಡೀ ನಾವೇ ಅದನ್ನ ಹೊತ್ಕೊಂಡು ತಿರುಗೋದಲ್ಲ.

ಎದುರು ವಾದಾನೂ ಇದೆ, ಅದನ್ನ ತಳ್ಳಿಹಾಕಲ್ಲ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಪೇಯಿಂಗ್ ಗೆಸ್ಟ್ ಆಗಿರೋರು, ಎರಡು ಸಲ ರೈಲು ಬದಲಿಸೋರು, ಸೊಂಟನೋವೋ ಭುಜದ ಪೆಟ್ಟೋ ಇರೋರು, ಇವರಿಗೆ 12ಕ್ಕೂ 8ಕ್ಕೂ ಇರೋ ವ್ಯತ್ಯಾಸ ಸೈಕಲ್ ಬಳಸೋದಕ್ಕೂ ಮೂಲೆಗೆ ಹಾಕೋದಕ್ಕೂ ಇರೋ ವ್ಯತ್ಯಾಸ ಆಗಬಹುದು. ನಿಮಗೆ ಅಂಥ ಅಗತ್ಯ ಇದೆಯಾ ಅಂತ ತಿಳಿಯೋಕೆ ಖರ್ಚಿಲ್ಲದ ಪರೀಕ್ಷೆ ಇದೆ. ಹಾಸ್ಟೆಲ್ಲಿನ 20 ಲೀಟರ್ ಕ್ಯಾನಿಗೆ 12 ಲೀಟರ್ ನೀರು ಹಾಕಿ ಒಂದೇ ಕೈಯಲ್ಲಿ ನಿಮ್ಮ ಮಹಡಿ ಹತ್ತಿ. ಆಮೇಲೆ 8 ಲೀಟರ್ ಇಟ್ಕೊಂಡು ಹತ್ತಿ. ಒಂದು ವಾರ ಬೆಳಗ್ಗೆ ಸಂಜೆ ಮಾಡಿ. ಎರಡನೆಯದಕ್ಕೆ ಲಕ್ಷಗಟ್ಟಲೆ ಕೊಡ್ತೀನಿ ಅನ್ನಿಸಿದ್ರೆ ಧಾರಾಳವಾಗಿ ಕೊಳ್ಳಿ.

ಉಳಿದವರಿಗೆ ನನ್ನ ಸಲಹೆ ಇನ್ನೂ ಅಗ್ಗದ್ದು: ಎರಡು ಸೈಕಲ್. ಮನೆ ಕಡೆಯ ನಿಲ್ದಾಣದಲ್ಲಿ ಒಂದು, ಕಾಲೇಜು ಕಡೆಯ ನಿಲ್ದಾಣದಲ್ಲಿ ಒಂದು, ಎರಡೂ ಸೆಕೆಂಡ್ ಹ್ಯಾಂಡ್, ಎರಡಕ್ಕೂ ಗಟ್ಟಿ ಬೀಗ. ರೈಲಿನಲ್ಲಿ ಕೈ ಬೀಸ್ಕೊಂಡು ನಿಲ್ಲಬಹುದು. ಸಂಜೆ ಆರು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಜನ ನುಗ್ಗೋವಾಗ ಕಾಲಡಿ ಸೈಕಲ್ ಇಟ್ಕೊಂಡು ಅಕ್ಕಪಕ್ಕದವರ ಬೈಗುಳ ತಿನ್ನಬೇಕಿಲ್ಲ.

ಆದರೆ ಈ ಉಪಾಯ ನಡೆಯಬೇಕಾದ್ರೆ ಸೈಕಲ್ ನಿಲ್ಲಿಸೋಕೆ ನಂಬಿಕೆಯ ಜಾಗ ಬೇಕು, ನಮ್ಮ ಕೊರತೆ ಇರೋದೇ ಅಲ್ಲಿ. ಜನ ಸೈಕಲ್ ಮಡಚಿ ಒಳಗೆ ಒಯ್ಯೋ ಕನಸು ಕಾಣೋದು ಹೊರಗೆ ಬಿಟ್ಟರೆ ಉಳಿಯಲ್ಲ ಅನ್ನೋ ಕಾರಣಕ್ಕೂ ಹೌದು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ ಟ್ರಿಣ್ ಟ್ರಿಣ್ ಶುರುವಾಯ್ತು. ಒಂದು ಕಡೆ ತಗೊಂಡು ಇನ್ನೊಂದು ಕಡೆ ಬಿಡೋ ವ್ಯವಸ್ಥೆ. ಮಡಚೋ ಸೈಕಲ್ ಬಿಡಿಸೋ ಸಮಸ್ಯೆಯನ್ನು ಅದು ಯಾರೂ ಏನನ್ನೂ ಹೊರದಂತೆ ಬಿಡಿಸೋಕೆ ಹೊರಟಿತು. ನಾಲ್ಕು ಲಕ್ಷಕ್ಕೆ 10 ಸಾವಿರದ ಸೈಕಲ್ 40 ಬರುತ್ತೆ. ಒಂದು ಕ್ಯಾಂಪಸ್ಸಿಗೂ ಹತ್ತಿರದ ನಿಲ್ದಾಣಕ್ಕೂ ನಡುವೆ ಓಡಾಡೋಕೆ ಅದು ಒಳ್ಳೇ ಆರಂಭ.

ಹಾಗಾಗಿ ನನ್ನ ಬೇಡಿಕೆ ಕಾಲೇಜಿನ ಕಡೆಗೆ. ಕಾರು ನಿಲ್ಲೋಕೆ ನೆರಳಿದೆ, ಬೈಕಿಗೆ ಶೆಡ್ ಇದೆ. ಸೈಕಲ್ಲಿಗೂ ಚಾವಣಿ, ಬೀಗ ಹಾಕೋಕೆ ಕಂಬಿ, ಒಂದು ಕ್ಯಾಮೆರಾ, ಒಂದು ಗಾಳಿ ಪಂಪು ಕೊಡಿ. ಈ ಅರ್ಜಿಗೆ ಸಹಿ ಹಾಕೋರು ಕನ್ನಡ ಸಂಘದ ರೂಮಿಗೆ ಬನ್ನಿ. ಸೈಕಲ್ ಇಲ್ಲದವರೂ ಬನ್ನಿ, ಸ್ಟ್ಯಾಂಡ್ ಆದ್ಮೇಲೆ ತಗೊಂಡ್ರಾಯ್ತು.