ನೆರಿಗೆಗೆ ಕೂಲಿ ಎಲ್ಲಿ?

‘ಮಗುವಿನ ಶಿಮ್ಮಿ ತಾನೇ? ನಾಲ್ಕು ನೆರಿಗೆ ಹಿಡಿದು ಒಂದು ಹೊಲಿಗೆ ಹಾಕಿಕೊಡಿ, ಅದಕ್ಕೇನು ದುಡ್ಡು!’ ಬಿಳಿಕೆರೆಯಂಥ ಹೋಬಳಿ ಊರುಗಳಲ್ಲಿ ಮನೆಯಲ್ಲೇ ಮಿಷನ್ ಇಟ್ಟುಕೊಂಡ ಹೆಂಗಸರಿಗೆ ಈ ಮಾತು ಹೊಸದಲ್ಲ. ರವಿಕೆಗೆ ದರ ಉಂಟು, ಚೂಡಿದಾರಕ್ಕೆ ದರ ಉಂಟು. ಒಳಗೆ ತೊಡುವ ಬಟ್ಟೆಯ ಕತ್ತಿಗೆ ನೆರಿಗೆ ಹಿಡಿದರೆ ಮಾತ್ರ ಅದು ಉಪಕಾರ. ಯಾರಿಗೂ ಕಾಣದ ಕೆಲಸಕ್ಕೆ ಬೆಲೆ ಯಾಕೆ ಎನ್ನುವುದು ನಮ್ಮ ಸಮರ್ಥನೆ. ಇದು ಜಿಪುಣತನವಲ್ಲ, ಅನ್ಯಾಯ.

ಆ ಕೆಲಸ ಏನೆಂದು ನೋಡಿ. ಕತ್ತಿನ ಸುತ್ತಳತೆ 12 ಇಂಚಾದರೆ ಬಟ್ಟೆ 24ರಿಂದ 36 ಇಂಚು ಬೇಕು. ಉದ್ದ ಹೊಲಿಗೆಯಲ್ಲಿ ಕಾಲಿಂಚು ಅಂತರದ ಎರಡು ಸಾಲು ಓಡಿಸಬೇಕು. ಒಂದೇ ಸಾಲಾದರೆ ನೆರಿಗೆ ತಿರುಚಿಕೊಳ್ಳುತ್ತದೆ. ಬಟ್ಟೆಯನ್ನೂ ಪಟ್ಟಿಯನ್ನೂ ನಾಲ್ಕು ಪಾಲು ಮಾಡಿ ಗುರುತಿಟ್ಟು, ಎರಡೂ ಸಾಲಿನ ಬಾಬಿನ್ ದಾರವನ್ನು ಒಟ್ಟಿಗೆ ಎಳೆಯಬೇಕು. ಕೈ ಜೋರಾದರೆ ದಾರ ಕಿತ್ತು ಮತ್ತೆ ಮೊದಲಿನಿಂದ. ಆಮೇಲೆ ಒಂದೊಂದೇ ನೆರಿಗೆಯನ್ನು ಸರಿಸಿ ಸಮ ಮಾಡಿ, ಓರೆಯಾಗಿ ಕತ್ತರಿಸಿದ ಪಟ್ಟಿಯೊಳಗೆ ಅಂಚನ್ನು ಮುಚ್ಚಬೇಕು. ಮುಚ್ಚದಿದ್ದರೆ ಮಗುವಿನ ಕತ್ತು ಕೆರೆದು ಕೆಂಪಾಗುತ್ತದೆ. ಕಣ್ಣಿಗೆ ಕಾಣದ ಬಟ್ಟೆಯೇ ಚರ್ಮಕ್ಕೆ ಮೊದಲು ತಾಗುವುದು.

ಶಿಮ್ಮಿ ಎಂಬ ಮಾತು ಫ್ರೆಂಚಿನ ‘ಶೆಮೀಸ್’ನಿಂದ ಬಂದದ್ದು, ಅದರ ಮೂಲ ಲ್ಯಾಟಿನ್ನಿನ ‘ಕಮೀಸಿಯಾ’. ಇಟಲಿಯ ಟಿಷಿಯನ್ 1515ರ ಸುಮಾರಿಗೆ ಬರೆದ ‘ಫ್ಲೋರಾ’ ಚಿತ್ರದ ಹೆಣ್ಣು ತೊಟ್ಟಿರುವುದು ಇಂಥದೇ ಬಿಳಿಯ ಒಳ ಉಡುಪು. ಅದರ ನೆರಿಗೆಗಳನ್ನು ಜನ ಇಂದಿಗೂ ಫ್ಲಾರೆನ್ಸಿನಲ್ಲಿ ನಿಂತು ನೋಡುತ್ತಾರೆ. ಕುಂಚದಲ್ಲಿ ಮೂಡಿದ ನೆರಿಗೆ ಕಲೆ, ಬೆರಳಲ್ಲಿ ಮೂಡಿದ್ದು ‘ಅದಕ್ಕೇನು’!

ಸರ್ಕಾರದ ಉತ್ತರ ಮಿಷನ್. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು: 5ರಿಂದ 7 ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಬೇಡವೆನ್ನುವುದಿಲ್ಲ. ಆದರೆ ಕಲಿಯುವ ದಿನಕ್ಕೆ 500 ಎಂದು ಎಣಿಸಿದವರು ದುಡಿಯುವ ದಿನಕ್ಕೆ ಎಷ್ಟೆಂದು ಯಾಕೆ ಕೇಳುವುದಿಲ್ಲ? ಅಂಗಡಿಯವರು ಕೊಟ್ಟ ಬಟ್ಟೆಯನ್ನು ಮನೆಯಲ್ಲೇ ಕೂತು ಹೊಲಿಯುವವರನ್ನೂ 1948ರ ಕನಿಷ್ಠ ವೇತನ ಕಾಯ್ದೆಯ ವ್ಯಾಖ್ಯೆ ಕೆಲಸಗಾರರೆಂದೇ ಎಣಿಸಿತ್ತು. ಕಾನೂನಿಗೆ ಅಂದೇ ಕಂಡದ್ದು ನಮಗೆ ಇಂದಿಗೂ ಕಾಣುತ್ತಿಲ್ಲ.

ರೆಡಿಮೇಡ್ ಇದಕ್ಕಿಂತ ಅಗ್ಗ ಎನ್ನುವವರಿದ್ದಾರೆ. ಹಾಗಿದ್ದರೆ ಅದನ್ನೇ ಕೊಳ್ಳಲಿ. ಎಲಾಸ್ಟಿಕ್ ಎಳೆದು ಕೂರಿಸಿದ ಕತ್ತಿನ ಬೆಲೆಯನ್ನು ತೋರಿಸಿ ಕೈನೆರಿಗೆಯ ಕೂಲಿಗೆ ಚೌಕಾಸಿ ಮಾಡುವುದು ಬೇಡ. ನೆರಿಗೆಯಲ್ಲಿ ಬಟ್ಟೆ ಕತ್ತರಿಗೆ ಬಲಿಯಾಗುವುದಿಲ್ಲ. ಮಗು ಬೆಳೆದಂತೆ ಬಿಚ್ಚಿ ಸಡಿಲಿಸಬಹುದು. ಆ ಉಳಿತಾಯವೂ ಕೊಂಡವರದೇ.

ಹೊಲಿಯುವವರು ದರದ ಪಟ್ಟಿಯಲ್ಲಿ ‘ಕತ್ತಿನ ನೆರಿಗೆ’ ಎಂದು ಬೇರೆ ಸಾಲು ಬರೆಯಲಿ, ಹಿಡಿದ ಹೊತ್ತಿನ ಲೆಕ್ಕದಲ್ಲಿ. ಹೊಲಿಸುವ ನಾವು ಅದನ್ನು ಓದಿ, ಬಾಯಿ ಮುಚ್ಚಿಕೊಂಡು ದುಡ್ಡು ಕೊಡೋಣ.